ಶನಿವಾರ ಮೊದಲ ಸಾಲ್ಸಾ ಸೋಷಿಯಲ್, ಏನು ಹಾಕ್ಕೊಂಡು ಹೋಗಲಿ?

ಎರಡನೇ_ಹಂತ:

ಎಲ್ಲರಿಗೂ ನಮಸ್ಕಾರ. ನನಗೆ 43. ಬ್ಯಾಂಕಿನಲ್ಲಿ ಕೆಲಸ, ಮನೆ ಬನಶಂಕರಿ. ಸೊಂಟ ಹಿಡ್ಕೊಳ್ಳುತ್ತೆ ಅಂತ ಡಾಕ್ಟರು ವಾಕಿಂಗ್ ಹೇಳಿದ್ರು. ಪಾರ್ಕು ಸುತ್ತಿ ಸುತ್ತಿ ಬೇಜಾರಾಯ್ತು. ಆಫೀಸಿನ ಹುಡುಗಿಯೊಬ್ಬಳು ಎಳ್ಕೊಂಡು ಹೋದಳು ಅಂತ ಸಾಲ್ಸಾ ಅನ್ನೋ ಜೋಡಿ ಡ್ಯಾನ್ಸಿನ ಕ್ಲಾಸಿಗೆ ಸೇರಿದೆ. ಎರಡು ತಿಂಗಳಾಯ್ತು. ಈಗ ಕುಕ್ಕರ್ ಕೂಗೋದನ್ನ ಕಾಯ್ತಾ ನಿಂತರೂ ಕಾಲು ತಾನಾಗೇ ಒಂದು-ಎರಡು-ಮೂರು, ಐದು-ಆರು-ಏಳು ಅಂತಿರುತ್ತೆ.

ಈ ಶನಿವಾರ ರಾತ್ರಿ ಇಂದಿರಾನಗರದಲ್ಲಿ ಸೋಷಿಯಲ್ ಇದೆ, ಅಂದ್ರೆ ಕ್ಲಾಸಿನ ಹೊರಗೆ ಎಲ್ಲರೂ ಸೇರಿ ಜೋಡಿ ಬದಲಿಸ್ತಾ ಕುಣಿಯೋ ಪಾರ್ಟಿ. ಕ್ಲಾಸಿಗಾದ್ರೆ ಲೆಗಿಂಗ್ಸು, ಟೀ ಶರ್ಟು, ಸ್ಪೋರ್ಟ್ಸ್ ಶೂ, ಮುಗೀತು. ಸೋಷಿಯಲ್‌ಗೆ ಏನು ಹಾಕ್ಕೋಬೇಕು ಅಂತ ಮೇಷ್ಟ್ರನ್ನ ಕೇಳಿದ್ರೆ "ಕಂಫರ್ಟಬಲ್ ಆಗಿ ಬನ್ನಿ ಮ್ಯಾಮ್" ಅಂದ. ನೈಟಿಗಿಂತ ಕಂಫರ್ಟಬಲ್ ಇನ್ನೇನಿದೆ, ಅದನ್ನೇ ಹಾಕ್ಕೊಂಡು ಹೋಗಲಾ?

ಬೀರು ತೆಗೆದು ಮಂಚದ ಮೇಲೆ ಹರಡಿಕೊಂಡು ಕೂತಿದ್ದೀನಿ. ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆಯಲ್ಲಿ ಹೊಲಿಸಿದ ಉದ್ದ ಗೌನು ಒಂದು, ಬಣ್ಣ ಬಾಳೆಸುಳಿ ಹಸಿರು, ನನಗೆ ಜೀವ. ತಂಗಿ ಕೊಟ್ಟ ಕಪ್ಪು ಡ್ರೆಸ್ ಇದೆ, ಮೊಣಕಾಲವರೆಗೆ, ಬೆನ್ನು ಪೂರ್ತಿ ಓಪನ್ನು. ಮರೂನ್ ರೇಯಾನ್ ಅನಾರ್ಕಲಿ ಇದೆ, ಕಣಕಾಲು ಮುಟ್ಟುತ್ತೆ. ಇನ್ನು ಜೀನ್ಸ್ ಅಂತೂ ಇದ್ದೇ ಇದೆ.

ಇನ್ನೊಂದು. ತಾಳಿ, ಕಾಲುಂಗುರ, ಸೊಂಟದವರೆಗೆ ಜಡೆ, ಇವನ್ನೆಲ್ಲ ಏನು ಮಾಡೋದು? ಅತ್ತೆ ಪರ್ಮಿಷನ್ ಕೊಟ್ಟಿದ್ದಾರೆ: "ಕುಣಿಯಕ್ಕೆ ಹೋಗು, ಕಾಲುಂಗುರ ಮಾತ್ರ ಬಿಚ್ಚಬೇಡ." ಚಿಕ್ಕವಳಿದ್ದಾಗ ಐದು ವರ್ಷ ಭರತನಾಟ್ಯ ಕಲಿತಿದ್ದೆ. ಅಲ್ಲಿ ಬರಿಗಾಲು, ಈ ತಲೆನೋವೇ ಇರಲಿಲ್ಲ.

ಒಗ್ಗರಣೆ_ಡಬ್ಬಿ:

ಸಾಲ್ಸಾ ಅಂದ್ರೆ ಟೊಮೇಟೊ ಚಟ್ನಿ ಅಲ್ವಾ? ಚಟ್ನಿಗೆ ಏಪ್ರನ್ ಸಾಕು.

ನಾಲ್ಕನೇ_ಎಣಿಕೆ:

@ಒಗ್ಗರಣೆ_ಡಬ್ಬಿ ಎರಡೂ ಅದೇ ಪದ ರೀ, ಸ್ಪ್ಯಾನಿಷ್‌ನಲ್ಲಿ ಸಾಲ್ಸಾ ಅಂದ್ರೆ ಸಾಸು. ಈಗ ಪಕ್ಕಕ್ಕೆ ಬನ್ನಿ, ದಾರಿ ಬಿಡಿ.

ಎರಡನೇ ಹಂತದವರೇ, ನಾನು ಮಲ್ಲೇಶ್ವರದವಳು, ಹನ್ನೊಂದು ವರ್ಷದಿಂದ ಕುಣೀತಿದ್ದೀನಿ. ಮಾಡಬಾರದ ತಪ್ಪೆಲ್ಲ ಮಾಡಿಯಾಗಿದೆ, ಅದಕ್ಕೇ ಉದ್ದ ಬರೀತೀನಿ.

ಮೊದಲು ಶೂ. ಬಟ್ಟೆ ಆಮೇಲೆ. ಸ್ಪೋರ್ಟ್ಸ್ ಶೂ ಅಡಿಯ ರಬ್ಬರು ನೆಲ ಹಿಡ್ಕೊಳ್ಳೋಕೇ ಇರೋದು. ಟರ್ನ್ ಮಾಡುವಾಗ ಮೈ ತಿರುಗುತ್ತೆ, ಪಾದ ಅಲ್ಲೇ ಕೂತಿರುತ್ತೆ, ಮಧ್ಯದಲ್ಲಿ ತಿರುಚಿಕೊಳ್ಳೋದು ಮೊಣಕಾಲು. ಸೊಂಟ ಸರಿ ಮಾಡ್ಕೊಳ್ಳೋಕೆ ಹೋಗಿ ಮಂಡಿ ಕಳ್ಕೊಂಡು ಬರ್ತೀರಿ. ಡ್ಯಾನ್ಸ್ ಶೂಗಳಿಗೆ ಅಡಿಯಲ್ಲಿ ಸ್ವೇಡ್ ಚರ್ಮ ಇರುತ್ತೆ. ಅದು ಬೇಕಾದಷ್ಟು ಜಾರುತ್ತೆ, ಬೇಕಾದಷ್ಟು ಹಿಡಿಯುತ್ತೆ. ಶನಿವಾರದೊಳಗೆ ಹೊಸದು ಕೊಳ್ಳೋದು ಬೇಡ. ಮನೇಲಿ ಕಣಕಾಲಿಗೆ ಪಟ್ಟಿ ಇರೋ ಹಳೇ ಸ್ಯಾಂಡಲ್ ಇದ್ದೇ ಇರುತ್ತೆ. ಹಿಮ್ಮಡಿ ಎರಡು ಇಂಚಿನೊಳಗೆ, ದಪ್ಪ ಇರಲಿ. ಚಪ್ಪಲಿ ರಿಪೇರಿಯವರ ಹತ್ತಿರ ಹೋಗಿ ಸ್ವೇಡ್ ತುಂಡು ಅಂಟಿಸಿ, ಜುಂಗು ಇರೋ ಬದಿ ಕೆಳಗೆ ಬರಲಿ ಅಂತ ಹೇಳಿ. ನನ್ನ ಮೊದಲ ಎರಡು ವರ್ಷ ಹಾಗೇ ಕಳೆದವು. ಆ ಸ್ಯಾಂಡಲ್ಲನ್ನ ರಸ್ತೆಗೆ ಹಾಕಬೇಡಿ, ಚೀಲದಲ್ಲಿ ತಗೊಂಡು ಹೋಗಿ. ಬಾತ್‌ರೂಮಿಗಂತೂ ಹವಾಯಿ ಚಪ್ಪಲಿಯಲ್ಲೇ ಹೋಗಿ, ಒಂದು ಸಲ ಒದ್ದೆಯಾದ್ರೆ ಸ್ವೇಡ್ ಗಟ್ಟಿಯಾಗಿ ಹಪ್ಪಳವಾಗುತ್ತೆ.

ಮುಂದೆ ತೆರೆದಿರೋ ಸ್ಯಾಂಡಲ್ ಆದ್ರೆ ಕಾಲುಂಗುರಕ್ಕೆ ತೊಂದರೆ ಇಲ್ಲ. ಮುಚ್ಚಿದ ಶೂ ಆದ್ರೆ ಪಕ್ಕದ ಬೆರಳು ಕೊರೆದು ಹಾಕುತ್ತೆ, ಉಂಗುರದ ಸುತ್ತ ಮೆಡಿಕಲ್ ಸ್ಟೋರಿನ ಕಾಗದದ ಟೇಪು ಎರಡು ಸುತ್ತು ಸುತ್ತಿ. ಅತ್ತೆ ಮಾತೂ ಉಳಿಯುತ್ತೆ, ಬೆರಳೂ ಉಳಿಯುತ್ತೆ.

ಇನ್ನು ಬಟ್ಟೆ. ಮೈಸೂರು ಸಿಲ್ಕನ್ನ ದಯವಿಟ್ಟು ಮಡಚಿ ಒಳಗಿಡಿ. ಬೆವರು ಬಿದ್ರೆ ಕಲೆ, ಆ ಕಲೆ ಹೋಗಲ್ಲ. ಕ್ರೇಪ್ ಬೇರೆ ನುಣುಪು, ಜೋಡಿಯಲ್ಲಿ ಹೆಜ್ಜೆ ನಡೆಸೋ ಲೀಡರ್‌ನ ಬಲಗೈ ನಿಮ್ಮ ಎಡ ಹೆಗಲಮೂಳೆ ಮೇಲೆ ನಿಲ್ಲಲ್ಲ, ಜಾರಿ ಜಾರಿ ಕೆಳಗೆ ಬರುತ್ತೆ. ಪಾಪ ಅವನಿಗೂ ಮುಜುಗರ. ಉದ್ದ ಗೌನಿನ ಇನ್ನೊಂದು ಕಷ್ಟ, ಸಾಲ್ಸಾದಲ್ಲಿ ಹಿಂದಕ್ಕೆ ಹೆಜ್ಜೆ ಇಡೋದು ಬಹಳ. ಅಂಚು ಹಿಮ್ಮಡಿಗೆ ಸಿಕ್ಕಿತು ಅಂದ್ರೆ ನೀವು ನೆಲದಲ್ಲಿ, ಸೀರೆ ಎರಡು ತುಂಡು.

ಓಪನ್ ಬೆನ್ನಿನ ಡ್ರೆಸ್ಸು ನೋಡೋಕೆ ಚೆಂದ. ಆದರೆ ಮೂರನೇ ಹಾಡಿಗೆ ಬೆನ್ನು ಬೆವರಿನಿಂದ ಒದ್ದೆ, ಗುರುತು ಪರಿಚಯ ಇಲ್ಲದವರ ಅಂಗೈ ಅದರ ಮೇಲೆ. ನಿಮಗೆ ಅಡ್ಡಿ ಇಲ್ಲ ಅಂದ್ರೆ ಸರಿ. ನನಗೆ ಮೊದಲ ಸಲ ಸಂಕೋಚದಲ್ಲಿ ಎಣಿಕೆಯೇ ತಪ್ಪಿಹೋಗಿತ್ತು.

ಮರೂನ್ ರೇಯಾನೇ ನಿಮ್ಮ ಬಟ್ಟೆ. ರೇಯಾನು ಗಾಳಿಯಾಡುತ್ತೆ, ಚೆನ್ನಾಗಿ ಇಳಿಬೀಳುತ್ತೆ, ಗಾಢ ಬಣ್ಣದಲ್ಲಿ ಬೆವರಿನ ನಕ್ಷೆ ಅಷ್ಟಾಗಿ ಕಾಣಲ್ಲ. (ಬೂದಿ ಬಣ್ಣ, ತಿಳಿನೀಲಿ ಹಾಕ್ಕೊಂಡ್ರೆ ಕಂಕುಳಲ್ಲಿ ಇಡೀ ಕರ್ನಾಟಕದ ಭೂಪಟ ಮೂಡುತ್ತೆ.) ಟೈಲರ್‌ಗೆ ಕೊಟ್ಟು ಮೊಣಕಾಲಿನವರೆಗೆ ಕತ್ತರಿಸಿ. ಅನಾರ್ಕಲಿ ಘೇರು ಸುತ್ತುವಾಗ ಛತ್ರಿಯ ಹಾಗೆ ಏಳುತ್ತೆ, ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಅಥವಾ ಲೆಗಿಂಗ್ಸ್ ಇರಲೇಬೇಕು. ಎಷ್ಟು ಏಳುತ್ತೆ ಅಂತ ಕನ್ನಡಿ ನೋಡಿ ನಿರ್ಧರಿಸಬೇಡಿ. ಮೊಬೈಲನ್ನ ಗಿಡ್ಡ ಸ್ಟೂಲಿನ ಮೇಲಿಟ್ಟು ವಿಡಿಯೋ ಹಚ್ಚಿ, ಎರಡೂ ಕೈ ಮೇಲೆತ್ತಿ ಮೂರು ಸುತ್ತು ಸುತ್ತಿ. ಅಲ್ಲಿ ಗೋಡೆ ಪಕ್ಕ ಕುರ್ಚಿಯಲ್ಲಿ ಕೂತವರ ಕಣ್ಣು ಇರೋದು ಆ ಎತ್ತರದಲ್ಲಿ.

ಬಳೆ ಬೇಡ. ನನ್ನ ಎರಡನೇ ಸೋಷಿಯಲ್ಲು, ಯುಗಾದಿ ಕಳೆದ ವಾರ, ಕೈ ತುಂಬ ಹಸಿರು ಗಾಜಿನ ಬಳೆ ಹಾಗೇ ಇತ್ತು. ಟರ್ನಲ್ಲಿ ಲೀಡರ್ ನನ್ನ ಮಣಿಕಟ್ಟು ಹಿಡಿದಾಗ ಎರಡು ಬಳೆ ಪಟ್ ಅಂತು. ಅವರ ಅಂಗೈ ಕುಯ್ದು ರಕ್ತ. ಡಿಜೆ ಹಾಡು ನಿಲ್ಲಿಸಿದ, ಲೈಟೆಲ್ಲ ಹಾಕಿದ್ರು. ಅಲಂಕಾರ ಮಾಡ್ಕೊಂಡು ಬಂದ ಐದಾರು ಜನ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಟಾರ್ಚಲ್ಲಿ ಹಸಿರು ಚೂರು ಹುಡುಕಿದ್ರು. ಪೊರಕೆಗೆ ಸಿಗದ ಸಣ್ಣ ಪುಡಿಯನ್ನ ಒದ್ದೆ ಪೇಪರ್ ಒತ್ತಿ ಒತ್ತಿ ತೆಗೀಬೇಕಾಯ್ತು. ಮುಂದಿನ ವಾರ ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಡಿಜೆ ನೋಡಿದ್ದು ನನ್ನ ಮುಖ ಅಲ್ಲ, ಕೈ.

ಜುಮುಕಿನೂ ಬೇಡ, ಕಿವಿಗೆ ಅಂಟಿಕೊಂಡಿರೋ ಓಲೆ ಸಾಕು. ತಾಳಿ ಸುತ್ತುವಾಗ ಹಾರಿ ಗದ್ದಕ್ಕೆ ಬಡಿಯುತ್ತೆ, ಒಳಗೆ ಸೇರಿಸಿ ಬ್ರಾ ಪಟ್ಟಿಗೆ ಪಿನ್ ಹಾಕಿ. ಜಡೆ ಅಂದ್ರೆ ಚಾಟಿ. ನಿಮ್ಮದು ಸೊಂಟದವರೆಗೆ ಬೇರೆ! ಕತ್ತಿನ ಹತ್ತಿರ ತಗ್ಗಿಸಿ ತುರುಬು ಕಟ್ಟಿ, ನಡುನೆತ್ತಿ ಮೇಲೆ ಕ್ಲಿಪ್ಪು ಬೇಡ, ಅಲ್ಲಿ ಕೈಗಳು ಹಾದುಹೋಗ್ತವೆ. ಮಲ್ಲಿಗೆ ಮುಡಿಯೋ ಆಸೆ ಇದ್ರೆ ಅದುಮಿಕೊಳ್ಳಿ, ಉದುರಿದ ಹೂವು ತುಳಿದ್ರೆ ಬಾಳೆಹಣ್ಣಿನ ಸಿಪ್ಪೆ ತುಳಿದ ಹಾಗೆ.

ಎಡಗಾಲು_ಮುಂದೆ:

ಅಕ್ಕಾರ, ನಾ ಹುಬ್ಬಳ್ಳಿಯಾಂವ, ಬೆಂಗಳೂರಾಗ ಲೀಡ್ ಮಾಡ್ತೀನಿ. ಗಂಡಸರ ಕಡೆಯಿಂದ ಎರಡು ಮಾತು. ಅಗಲ ತೋಳಿನ ಅಂಗಿ, ಆ ಬಾವಲಿ ರೆಕ್ಕಿ ಹಂಗ ಇರ್ತದಲ್ಲ, ಅದನ್ನ ಹಾಕ್ಕೋಬ್ಯಾಡ್ರಿ. ಬೆನ್ನಿಗೆ ಕೈ ಇಡಾಕ ಹೋದ್ರ ಕೈ ತೋಳಿನೊಳಗ ಹೊಕ್ಕೊಂಡು ಕುಂದರತದ. ದುಪಟ್ಟಾ ಅಂತೂ ಮನ್ಯಾಗ ಬಿಟ್ಟು ಬರ್ರಿ.

ಓದೋ ಗಂಡಸರಿಗೂ ಹೇಳತೀನಿ: ಒಂದ ಶರ್ಟಿನ್ಯಾಗ ರಾತ್ರಿ ಕಳಿಯೋ ವಿಚಾರ ಬ್ಯಾಡ. ನಾ ಮೂರು ಒಯ್ತೀನಿ, ಒಂದು ಸಣ್ಣ ಟವೆಲ್ಲು. ಬೆವರಿನ ವಾಸನಿ ಮ್ಯಾಲ ಸೆಂಟ್ ಹೊಡಕೊಳ್ಳೋದು ಇನ್ನೂ ಕೆಟ್ಟ. ಶರ್ಟ್ ಇನ್ ಮಾಡಿದ್ರ ಕೈ ಎತ್ತಿ ಎತ್ತಿ ಅರ್ಧ ಹೊರಗ ಬಂದು ಜೋತಾಡ್ತದ. ಕ್ಯೂಬಾದ ಮಂದಿದು ಗ್ವಾಯಾಬೆರಾ ಅಂತ ಅಂಗಿ ಅದ, ಮುಂದ ನಾಕು ಕಿಸೆ, ಹೊರಗ ಬಿಟ್ಟ ಹಾಕ್ಕೊಳ್ಳೋದು. ಸೆಕಿ ಊರಿನವ್ರಿಗೆ ಗೊತ್ತಿರ್ತದ ನೋಡ್ರಿ. ವಾಚು ಕಳದು ಕಿಸೇದಾಗ ಇಡ್ರಿ, ಹೆಣ್ಮಕ್ಕಳ ಕೂದ್ಲ ಅದಕ್ಕ ಸಿಗತಾವ.

ಹಡ್ಸನ್_ಆಚೆ:

ಜರ್ಸಿ ಸಿಟಿಯಿಂದ ಬರೀತಿದ್ದೀನಿ, ಊರು ಹಾಸನ. ನ್ಯೂಯಾರ್ಕಿನ ಸೋಷಿಯಲ್‌ಗಳಿಗೆ ಹೋಗ್ತಿರ್ತೀನಿ. ಇಲ್ಲಿ ನನಗೆ ಮೊದಲು ಆಶ್ಚರ್ಯ ಆಗಿದ್ದು, ಅತಿ ಚೆನ್ನಾಗಿ ಕುಣಿಯೋ ಹೆಂಗಸರು ಬಂದಿದ್ದು ಸಾದಾ ಪ್ಯಾಂಟು, ತೋಳಿಲ್ಲದ ಬನಿಯನ್ ಥರದ ಟಾಪಿನಲ್ಲಿ. ಮಣಿ, ಕುಚ್ಚು, ಮಿಣುಕು ಎಲ್ಲ ಸ್ಟೇಜಿನ ಬಟ್ಟೆ. ಕ್ಯೂಬಾದ ಗಾಯಕಿ ಸೀಲಿಯಾ ಕ್ರೂಸ್ ತೊಡ್ತಿದ್ದ ಜಾಲರಿ ಜಾಲರಿ ತೋಳಿನ ಬಾಟಾ ಕುಬಾನಾ ಅನ್ನೋ ಡ್ರೆಸ್ಸು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಆಕೆ ಹಾಡೋರು, ವೇದಿಕೆ ಮೇಲೆ ಒಬ್ಬರೇ. ಅಂಥದ್ದನ್ನ ಹಾಕ್ಕೊಂಡು ಜೋಡಿ ಕುಣಿತಕ್ಕೆ ಇಳಿದ್ರೆ ಲೀಡರ್‌ಗೆ ಕೈ ಎಲ್ಲಿ ಅಂತ ಹುಡುಕೋದೇ ಕೆಲಸ.

ಹಾಗಂತ ಚೆನ್ನಾಗಿ ಉಡಬೇಡಿ ಅಂತಲ್ಲ. ಬ್ರಾಡ್‌ವೇ ಮತ್ತು 53ನೇ ರಸ್ತೆ ಸೇರೋ ಕಡೆ ಪಲ್ಲೇಡಿಯಂ ಅಂತ ಬಾಲ್‌ರೂಮ್ ಇತ್ತು, 1966ರಲ್ಲಿ ಮುಚ್ಚಿತು. ಮ್ಯಾಂಬೊ ಅನ್ನೋ ಕುಣಿತ ಮೆರೆದ ಜಾಗ, ಅದು ಸಾಲ್ಸಾಗಿಂತ ಹಿಂದಿನ ತಲೆಮಾರು. ಆಗಿನ ಫೋಟೋಗಳಲ್ಲಿ ಗಂಡಸರು ಕೋಟು, ಟೈ ಕಟ್ಟಿಕೊಂಡೇ ಕುಣೀತಿದ್ದಾರೆ. ವಾರವಿಡೀ ದುಡಿದ ಜನ, ರಾತ್ರಿ ಅಲ್ಲಿಗೆ ಬರುವಾಗ ಇದ್ದುದರಲ್ಲಿ ಒಳ್ಳೇದು ಹಾಕ್ಕೊಂಡು ಬರ್ತಿದ್ರು. ನಮ್ಮಜ್ಜ ಹಾಸನದ ಸಂತೆಗೆ ಹೋಗುವಾಗ ಇಸ್ತ್ರಿ ಪಂಚೆ ಉಡ್ತಿದ್ದ ಹಾಗೆ.

ಬೇಸಿಗೆಯಲ್ಲಿ ಇಲ್ಲಿ ಲಿಂಕನ್ ಸೆಂಟರ್ ಅಂಗಳದಲ್ಲಿ ಬಯಲಲ್ಲೇ ಕುಣಿತ ಇರುತ್ತೆ. ನಾನು ಬುದ್ಧಿವಂತ, ಹೊಸ ಸ್ವೇಡ್ ಶೂ ಮನೆಯಿಂದಲೇ ಹಾಕ್ಕೊಂಡು ಹೋದೆ. ದಾರಿಯಲ್ಲಿ ಮಳೆ. ಹಪ್ಪಳದ ವಿಷಯ ನಿಜ.

ಎರಡನೇ_ಹಂತ:

ಹೋಗಿ ಬಂದೆ! ಭಾನುವಾರ ಮಧ್ಯಾಹ್ನ ಬರೀತಿದ್ದೀನಿ, ಕಾಲು ಬಿಸಿನೀರಿನ ಬಕೆಟ್ಟಲ್ಲಿದೆ.

ಗುರುವಾರ ಅನಾರ್ಕಲಿ ಟೈಲರ್‌ಗೆ ಕೊಟ್ಟೆ. "ಇಷ್ಟು ಒಳ್ಳೇ ಬಟ್ಟೆ, ಯಾಕಮ್ಮ ಕತ್ತರಿಸ್ತೀರಿ" ಅಂತ ಆತ ಎರಡು ಸಲ ಕೇಳಿದ್ರು. ಕತ್ತರಿಸಿ ಉಳಿದದ್ದರಲ್ಲಿ ಶೂಗೆ ಚೀಲ ಹೊಲಿದು ಕೊಟ್ಟಿದ್ದಾರೆ, ದುಡ್ಡು ತಗೊಳ್ಳಲಿಲ್ಲ. ಸ್ಯಾಂಡಲ್ಲಿಗೆ ಸ್ವೇಡ್ ಅಂಟಿಸಿದ್ದಾಯ್ತು. ಸ್ಟೂಲ್ ಪರೀಕ್ಷೆ ಮಾಡುವಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿ "ಒಳಗೆ ಉದ್ದದ್ದು ಹಾಕ್ಕೋ" ಅಂದು ಹೋದ್ರು. ಲೆಗಿಂಗ್ಸ್ ಹಾಕ್ಕೊಂಡೆ.

ಹೋದ ಅರ್ಧ ಗಂಟೆ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಆಮೇಲೆ ಒಬ್ಬರು ವಯಸ್ಸಾದವರು, ಬಿಳಿ ಕೂದಲು, ಬಂದು ಕೈ ಚಾಚಿದ್ರು. ತಾಳಿ ಅಲ್ಲಾಡಲಿಲ್ಲ, ತುರುಬು ನಿಂತಿತು, ಸ್ಯಾಂಡಲ್ಲು ಜಾರಿದ್ದು ನೋಡಿ ನನಗೇ ನಗು ಬಂತು, ಕ್ಲಾಸಲ್ಲಿ ಇಷ್ಟು ದಿನ ಕಲ್ಲು ಕಟ್ಕೊಂಡು ಕುಣೀತಿದ್ದೆ ಅನ್ನಿಸ್ತು.

ಆದರೆ ನೀವು ಯಾರೂ ಹೇಳದೇ ಇದ್ದದ್ದು ಒಂದು. ಅನಾರ್ಕಲಿ ಬೆನ್ನಿಗೆ ದಾರ ಇತ್ತು, ತುದಿಯಲ್ಲಿ ಎರಡು ಕುಚ್ಚು. ಐದನೇ ಹಾಡಿನಲ್ಲಿ ಕ್ರಾಸ್ ಬಾಡಿ ಲೀಡ್, ಅಂದ್ರೆ ಲೀಡರ್ ನಮ್ಮನ್ನ ತನ್ನ ಮುಂದಿನಿಂದ ಆ ಕಡೆಗೆ ದಾಟಿಸೋದು, ಆ ಹುಡುಗನ ಬೆರಳಿಗೆ ದಾರ ಸುತ್ತಿಕೊಂಡಿತು. ನಾನು ಆ ಕಡೆ ಹೋದೆ, ಅವನ ಕೈ ಬರಲಿಲ್ಲ, ಗಂಟು ಬಿಚ್ಚಿತು. ಭುಜದಿಂದ ಅಂಗಿ ಅರ್ಧ ಇಂಚು ಇಳಿದೇ ಹೋಯ್ತು. ಆ ಹುಡುಗ ಹತ್ತು ಸಲ ಸಾರಿ ಕೇಳಿದ, ಬೆರಳಲ್ಲಿ ಕುಚ್ಚು ಇನ್ನೂ ನೇತಾಡ್ತಿತ್ತು. ಬಾತ್‌ರೂಮಿನಲ್ಲಿ ಯಾರ ಹತ್ತಿರವೂ ಕತ್ತರಿ ಇಲ್ಲ. ಕೊನೆಗೆ ಒಬ್ಬಳು ಪರ್ಸಿಂದ ನೇಲ್ ಕಟರ್ ತೆಗೆದು ಕಟಕ್ ಕಟಕ್ ಅಂತ ಕಚ್ಚಿ ಕಚ್ಚಿ ದಾರ ಕತ್ತರಿಸಿ, ಹಿಂದೆ ಸೇಫ್ಟಿ ಪಿನ್ ಹಾಕಿ ಕಳಿಸಿದಳು. ಅದಾದ ಮೇಲೆ ಇನ್ನೂ ಆರು ಹಾಡು ಕುಣಿದೆ.

ಸ್ವೇಡ್ ಈಗಲೇ ಕಪ್ಪಗಾಗಿ ನುಣ್ಣಗಾಗಿದೆ. ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದ್ರೆ ಆಗುತ್ತಾ?

ನಾಲ್ಕನೇ_ಎಣಿಕೆ:

ಆಗಲ್ಲ. ತಂತಿ ಬ್ರಷ್ಷೇ ಬೇಕು, ಒಣಗಿರುವಾಗ, ಒಂದೇ ದಿಕ್ಕಿಗೆ. ಮುಂದಿನ ಶನಿವಾರ ನಂದೇ ತರ್ತೀನಿ, ಅಲ್ಲಿ ಮರೂನ್ ಚೀಲ ನೋಡಿ ಗುರುತು ಹಿಡೀತೀನಿ.