ಸಹಾಯ ಬೇಕು: 144 ಹರ್ಟ್ಸ್ ಮಾನಿಟರ್, ಆದ್ರೂ ಗೇಮ್ ಸ್ಮೂತ್ ಇಲ್ಲ

ಪಿಸಿ ಗೇಮಿಂಗ್ ಗೊತ್ತಿರುವವರು ಸ್ವಲ್ಪ ಹೇಳಿ. ವಿ-ಸಿಂಕ್ (ಮಾನಿಟರ್ ಚಿತ್ರ ಬದಲಿಸುವ ವೇಗಕ್ಕೆ, ಅಂದ್ರೆ ಸೆಕೆಂಡಿಗೆ 144 ಸಲಕ್ಕೆ, ಗೇಮ್‌ನ ಫ್ರೇಮ್‌ಗಳನ್ನು ಹೊಂದಿಸುವ ಸೆಟ್ಟಿಂಗ್) ಆಫ್ ಮಾಡಿ ಕ್ಯಾಮೆರಾ ಜೋರಾಗಿ ತಿರುಗಿಸಿದರೆ ಲೈಟ್ ಕಂಬ ನಡುವಿಗೆ ತುಂಡಾಗಿ, ಮೇಲಿನ ಭಾಗ ಒಂದು ಕಡೆ ಕೆಳಗಿನದು ಇನ್ನೊಂದು ಕಡೆ ಕಾಣುತ್ತದೆ. ಆನ್ ಮಾಡಿದರೆ ಅದು ಹೋಗುತ್ತದೆ, ಆದರೆ ಮೌಸ್ ಕೆಸರಲ್ಲಿ ಎಳೆದ ಹಾಗೆ.

ಈಗ ಫ್ರೀಸಿಂಕ್ (ಮಾನಿಟರ್ ತಾನೇ ಗೇಮ್ ವೇಗಕ್ಕೆ ಹೊಂದಿಕೊಳ್ಳುವ ವ್ಯವಸ್ಥೆ) ಆನ್ ಇಟ್ಟು, ಅದು ಕೆಲಸ ಮಾಡುವ ರೇಂಜ್ ಮೀರಬಾರದು ಅಂತ 141 ಎಫ್‌ಪಿಎಸ್‌ಗೆ (ಸೆಕೆಂಡಿಗೆ 141 ಫ್ರೇಮ್) ಮಿತಿ ಹಾಕಿದ್ದೇನೆ. ಖಾಲಿ ರಸ್ತೆಯಲ್ಲಿ ಸೂಪರ್. ಪೇಟೆ ಒಳಗೆ ಹೋದ ತಕ್ಷಣ 45–50ಕ್ಕೆ ಇಳಿಯುತ್ತದೆ, ಮಾನಿಟರ್ ರೇಂಜ್ ಶುರುವಾಗೋದೇ 48ರಿಂದ, ಅಲ್ಲೇ ಕತ್ತಲ ಜಾಗಗಳು ಮಿಣುಕುತ್ತವೆ. ವಿಂಡೋಸ್‌ನಲ್ಲಿ 144 ಹರ್ಟ್ಸ್ ಇದೆ, ಡಿಸ್‌ಪ್ಲೇಪೋರ್ಟ್ ಕೇಬಲ್, ಅದೆಲ್ಲ ಸರಿ.

ನೆರಳು ಕಡಿಮೆ ಮಾಡಿ 60ಕ್ಕೆ ಲಾಕ್ ಮಾಡಿದರೆ ಮಿಣುಕೋದು ನಿಲ್ಲುತ್ತಾ? ಮಿತಿ ಗೇಮ್ ಒಳಗೇ ಹಾಕಬೇಕಾ, ಗ್ರಾಫಿಕ್ಸ್ ಡ್ರೈವರ್‌ನಲ್ಲಾ? ಹೊಸ ಗ್ರಾಫಿಕ್ಸ್ ಕಾರ್ಡ್ ತಗೋ ಅಂತ ಮಾತ್ರ ಹೇಳಬೇಡಿ, ಸದ್ಯಕ್ಕೆ ದುಡ್ಡಿಲ್ಲ.