ಓದುಗರ ಸ್ಪಂದನ: ಕೂಲಿ ಬಿಟ್ಟು ಕರಣೆ ಹಿಡಿಯಲೇ?

ಕಳೆದ ಸಂಚಿಕೆಯಲ್ಲಿ ಬಂದ ಪತ್ರ ನಿಮಗೆ ನೆನಪಿರಬಹುದು. ಕಟ್ಟಡದ ಕೆಲಸದಲ್ಲಿ ವರ್ಷಗಟ್ಟಲೆ ಗಾರೆ ಹೊತ್ತ ಮಹಿಳೆಯೊಬ್ಬರು ಬರೆದಿದ್ದರು. ಗಾರೆ ಕೆಲಸದ ಅಪ್ರೆಂಟಿಸ್ ತರಬೇತಿಗೆ ಅವರಿಗೆ ಸೀಟು ಸಿಕ್ಕಿದೆ. ಅವಧಿ ಎರಡು ವರ್ಷ. ಅಲ್ಲಿ ಕೊಡುವ ಭತ್ಯೆ ಈಗಿನ ಕೂಲಿಯ ಅರ್ಧದಷ್ಟು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಬ್ಬರೂ ಚಿಕ್ಕವರು. ‘ಕೂಲಿ ಬಿಟ್ಟು ಹೋಗಲೇ, ಬೇಡವೇ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಹೆಚ್ಚಿನವನ್ನು ಮೊಟಕು ಮಾಡಿದ್ದೇವೆ. ಮೊದಲನೆಯದನ್ನು ಮಾತ್ರ ಪೂರ್ತಿ ಕೊಟ್ಟಿದ್ದೇವೆ.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಹೀಗೇ ಸೇರಿದವಳು. ಕಂಬಿ ಕಟ್ಟುವ ಕೆಲಸ ಕಲಿಸುತ್ತೇವೆ ಅಂದಿದ್ದರು. ದುಡ್ಡು ಕೂಲಿಗಿಂತ ಕಮ್ಮಿ. ಆದರೂ ಕೊನೆಗೆ ಸರ್ಟಿಫಿಕೇಟ್ ಸಿಗುತ್ತದಲ್ಲ ಅಂತ ಒಪ್ಪಿಕೊಂಡೆ.

ಶುರುವಿನಲ್ಲಿ ಒಬ್ಬರು ಬಂದು ಅಳತೆ ತೋರಿಸಿದರು. ಆಮೇಲೆ ಅವರ ಮುಖವೇ ಕಾಣಲಿಲ್ಲ. ನನ್ನ ಜೊತೆ ಸೇರಿದ ಹುಡುಗರನ್ನು ಕಂಬಿ ಬಗ್ಗಿಸುವ ಮೇಜಿನ ಹತ್ತಿರ ನಿಲ್ಲಿಸಿದರು. ನನ್ನನ್ನು ಮರಳು ಜರಡಿ ಹಿಡಿಯಲು, ಕಾಂಕ್ರೀಟ್ ಗಟ್ಟಿಯಾಗಲು ಕ್ಯೂರಿಂಗ್ ನೀರು ಹಾಕಲು ಕಳಿಸಿದರು. ಕೇಳಿದರೆ ‘ಮೊದಲು ಸೈಟ್ ಅಭ್ಯಾಸ ಆಗಲಿ’ ಅನ್ನುತ್ತಿದ್ದರು. ನಾನು ಸೈಟ್‌ನಲ್ಲೇ ಬೆಳೆದವಳು ಅಕ್ಕಾ. ನನಗೆ ಇನ್ನೇನು ಅಭ್ಯಾಸ ಆಗಬೇಕಿತ್ತು? ನನ್ನ ತರಬೇತಿ ಪುಸ್ತಕದಲ್ಲಿ ಮಾತ್ರ ಕಾಲಂ, ಬೀಮ್, ಸ್ಲ್ಯಾಬ್ ಎಲ್ಲಾ ಕಲಿಸಿದ್ದೇವೆ ಅಂತ ಸಹಿ ಬೀಳುತ್ತಲೇ ಇತ್ತು.

ಸರ್ಟಿಫಿಕೇಟ್ ಹಿಡಿದು ಬೇರೆ ಕಡೆ ಹೋದೆ. ಕಾಲಂನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗೆ ಎಷ್ಟು ಉದ್ದ ಕಂಬಿ ಕತ್ತರಿಸಬೇಕು ಹೇಳು ಅಂದರು. ನನಗೆ ಗೊತ್ತಿರಲಿಲ್ಲ. ಎಲ್ಲರ ಎದುರಿಗೇ ಸೂಪರ್‌ವೈಸರ್, ‘ಹೆಂಗಸರಿಗೆ ಇದು ಆಗಲ್ಲ ಅಂತ ನಾನು ಹೇಳಿರಲಿಲ್ವಾ’ ಅಂದರು. ಕಲಿಸದೆ ಬಿಟ್ಟವರು ಯಾರೋ, ಮಾತು ಕೇಳಿದ್ದು ನಾನು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಕೆಲಸ ಕಲಿಸಿದ್ದು ವಯಸ್ಸಾದ ಒಬ್ಬ ಕಂಬಿ ಮೇಸ್ತ್ರಿ. ಊಟದ ಬಿಡುವಿನಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಕಂಬಿಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿಗೆ ಸುಮಾರು 0.89 ಕೆಜಿ. ರಿಂಗ್‌ನ ಕೊಕ್ಕೆಯನ್ನು 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕು. 90 ಡಿಗ್ರಿಗೇ ನಿಲ್ಲಿಸಿದರೆ ಭೂಮಿ ನಡುಗಿದಾಗ ಹೊರಗಿನ ಕಾಂಕ್ರೀಟ್ ಉದುರಿ ರಿಂಗ್ ಬಿಚ್ಚಿಕೊಳ್ಳುತ್ತದೆ. ಯಾಕೆ ಅಂತ ತಿಳಿದ ಮೇಲೆ ನಾನು ಒಂದು ಕೊಕ್ಕೆಯನ್ನೂ ಅರ್ಧಂಬರ್ಧ ಬಗ್ಗಿಸಿಲ್ಲ. ಈಗ ನನ್ನ ಕೈಕೆಳಗೆ ಕೆಲಸಗಾರರಿದ್ದಾರೆ.

ಹೋಗಿ ಅಕ್ಕಾ, ಆದರೆ ಕೇಳಿಕೊಂಡು ಹೋಗಿ. ಕಲಿಸುವವರು ಯಾರು, ಅವರ ಕೈಕೆಳಗೆ ಎಷ್ಟು ಜನ ಕಲಿಯುತ್ತಾರೆ ಅಂತ ಕೇಳಿ. ಕರಣೆ ಯಾವಾಗ ಕೈಗೆ ಬರುತ್ತದೆ ಅಂತ ಕೇಳಿ. ಉತ್ತರವನ್ನು ಬರೆಸಿಕೊಳ್ಳಿ. ಸೇರಿದ ಮೇಲೆ ದಿನಾ ಏನು ಮಾಡಿಸಿದರು ಅಂತ ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮಾಡದ ಕೆಲಸಕ್ಕೆ ಸಹಿ ಹಾಕಬೇಡಿ.
— ಕಂಬಿ ಕೆಲಸದ ಒಬ್ಬ ಮಹಿಳೆ

ಸೀಟು ಸಿಕ್ಕ ಎಲ್ಲರಿಗೂ ಬೇಕಾದ ಪ್ರಶ್ನೆಗಳಿವು. ಮುಂದಿನ ಪತ್ರದಲ್ಲಿ ಸಿಟ್ಟಿದೆ. ಆ ಸಿಟ್ಟನ್ನು ಇದ್ದ ಹಾಗೇ ಬಿಟ್ಟಿದ್ದೇವೆ.

ಇಬ್ಬರು ಮಕ್ಕಳನ್ನು ಸಾಕುವವಳಿಗೆ ಅರ್ಧ ಕೂಲಿಯಲ್ಲಿ ಕಲಿ ಅನ್ನುವುದೇ ತಪ್ಪು. ಹೋಗಬೇಕೋ ಬೇಡವೋ ಅಂತ ಆಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅಷ್ಟು ಕಮ್ಮಿ ಕೊಡುವವರನ್ನು ಪ್ರಶ್ನೆ ಮಾಡಿ.
— ಕಾರ್ಮಿಕ ಸಂಘದ ಕಾರ್ಯಕರ್ತ

ಗಾರೆ ಮೇಸ್ತ್ರಿಯೊಬ್ಬರು ದುಡ್ಡಿನ ವಿಷಯಕ್ಕೆ ಹೋಗಿಲ್ಲ. ಅವರು ಬರೆದದ್ದು ಕೆಲಸದ ಬಗ್ಗೆ.

ತಂಗೀ, ಹೋಗುವುದು ಬಿಡುವುದು ನಿಮಗೆ ಸೇರಿದ್ದು. ಸೇರುವ ದಿನದವರೆಗೆ ಸುಮ್ನೆ ಇರಬೇಡಿ, ಅಷ್ಟೇ. ಇಷ್ಟು ವರ್ಷ ಗಾರೆ ಕಲಸಿದ್ದೀರಿ, ಹೊತ್ತಿದ್ದೀರಿ. ಹದ ನಿಮ್ಮ ಕೈಗೆ ಗೊತ್ತು. ಹೊಸ ಹುಡುಗರಿಗೆ ಅದನ್ನು ಕಲಿಸಲು ನನಗೆ ಬಹಳ ದಿನ ಬೇಕಾಗುತ್ತದೆ. ಇನ್ನು ನಿಮ್ಮ ಕಣ್ಣಿಗೆ ಕೆಲಸ ಕೊಡಿ. ಇಟ್ಟಿಗೆಯನ್ನು ಯಾಕೆ ನೆನೆಸುತ್ತಾರೆ ನೋಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲಾ ಹೀರಿಬಿಡುತ್ತದೆ, ಹಿಡಿತ ಬರುವುದಿಲ್ಲ. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡುಭಾಗ ಕೂರಬೇಕು. ಸಂದಿಗೆ ಸಂದಿ ನೇರ ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡದೆ ಯಾವ ಮೂಲೆಯನ್ನೂ ಏರಿಸಬಾರದು.

ಮೂಲೆ ನೇರ ಇದೆಯಾ ಅಂತ ನೋಡಲು ಒಂದು ಟೇಪ್ ಸಾಕು. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ. ಓರೆಯಾಗಿ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ಮಟ್ಟಗೋಲನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಸಲ ಇಟ್ಟು ನೋಡಿ, ಅದೇ ಜಾಗದಲ್ಲಿ ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಇಟ್ಟು ನೋಡಿ. ಎರಡು ಸಲವೂ ಗುಳ್ಳೆ ನಿಮ್ಮ ಕಣ್ಣಿಗೆ ಒಂದೇ ಕಡೆ, ಅಷ್ಟೇ ದೂರದಲ್ಲಿ ನಿಂತರೆ ಗೋಲು ಸರಿಯಿದೆ. ಬಿಡುವಿದ್ದಾಗ ಪ್ಲಾನ್ ಓದುವುದನ್ನು ಯಾರ ಹತ್ತಿರವಾದರೂ ಹೇಳಿಸಿಕೊಳ್ಳಿ. ಪ್ಲಾನ್ ಓದಲು ಬಂದರೆ ಅಳತೆಯಲ್ಲಿ ನಿಮಗೆ ಯಾರೂ ಸುಳ್ಳು ಹೇಳಲು ಆಗುವುದಿಲ್ಲ.
— ಗಾರೆ ಮೇಸ್ತ್ರಿ

‘ಹೆಂಗಸರು ಸಾರುವೆ ಹತ್ತುವುದು ಕ್ಷೇಮವಲ್ಲ, ಬೇರೆ ಕೆಲಸ ನೋಡಿಕೊಳ್ಳಲಿ’ ಎಂದು ಹಿರಿಯರೊಬ್ಬರು ಒಂದೇ ಸಾಲು ಬರೆದಿದ್ದಾರೆ. ಅದರ ಜೊತೆಗೇ ಇದನ್ನೂ ಓದಬೇಕೆಂದು ನಮ್ಮ ಆಸೆ.

ನಾನು ಸೈಟ್‌ಗಳಲ್ಲಿ ಸುರಕ್ಷತೆ ನೋಡಿಕೊಳ್ಳುತ್ತೇನೆ. ಗಾರೆ ಹೊರುವ ಹೆಂಗಸರು ಈಗಾಗಲೇ ಸಾರುವೆ ಹತ್ತುತ್ತಿದ್ದಾರೆ. ತಲೆ ಮೇಲೆ ಬಾಂಡ್ಲಿ, ಬೀಳುವಾಗ ಹಿಡಿಯುವ ಸೇಫ್ಟಿ ಬೆಲ್ಟ್ ಇಲ್ಲ, ಕಾಲಿಗೆ ಚಪ್ಪಲಿ. ಆಗ ಯಾರೂ ಕ್ಷೇಮದ ಮಾತು ಎತ್ತುವುದಿಲ್ಲ, ಅಲ್ವಾ? ಒಳ್ಳೆಯ ತರಬೇತಿಯಲ್ಲಿ ಮೊದಲು ಕಲಿಸುವುದೇ ಸಾರುವೆ ಪರೀಕ್ಷೆ ಮಾಡುವುದು, ಬೆಲ್ಟ್ ಎಲ್ಲಿ ಸಿಕ್ಕಿಸಬೇಕು ಅನ್ನುವುದು. ಬೆಲ್ಟ್, ಬೂಟು, ಗ್ಲೌಸ್ ನಿಮ್ಮ ಅಳತೆಯದ್ದೇ ಕೇಳಿ. ಸಡಿಲ ಬೆಲ್ಟ್ ಬೀಳುವಾಗ ಹಿಡಿಯುವುದಿಲ್ಲ. ಹಸಿ ಸಿಮೆಂಟ್ ಬರಿಗೈ ಚರ್ಮವನ್ನು ಸುಡುತ್ತದೆ. ಕಲ್ಲು, ಟೈಲ್ಸ್ ಕತ್ತರಿಸುವಾಗ ನೀರು ಹಾಕಿ, ಸರಿಯಾದ ಮಾಸ್ಕ್ ಹಾಕಿ. ಆ ಸಣ್ಣ ಧೂಳು ಪುಪ್ಪುಸಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದು ವಾಸಿಯಾಗುವ ಕಾಯಿಲೆ ಅಲ್ಲ.
— ಸುರಕ್ಷತಾ ಅಧಿಕಾರಿ

ಭತ್ಯೆಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟವರು ಕಡಿಮೆ. ತರಬೇತುದಾರರೊಬ್ಬರ ಪತ್ರ ಆ ಕೊರತೆಯನ್ನು ತುಂಬಿದೆ.

ಅಮ್ಮಾ, ‘ನನಗೆ ಗೊತ್ತಿರುವುದನ್ನು ಮೊದಲು ಪರೀಕ್ಷೆ ಮಾಡಿ’ ಅಂತ ಕೇಳಿ. ವರ್ಷಗಟ್ಟಲೆ ಸೈಟ್‌ನಲ್ಲಿ ದುಡಿದವರನ್ನು ಮೊದಲ ಪಾಠದಿಂದಲೇ ಕೂರಿಸಬೇಕಾಗಿಲ್ಲ. ಹಳೆಯ ಅನುಭವ ಲೆಕ್ಕಕ್ಕೆ ಬಂದರೆ ತರಬೇತಿಯ ಅವಧಿ ಕಮ್ಮಿಯಾಗಬಹುದು. ಅರ್ಧ ಕೂಲಿಯಲ್ಲಿ ಕಳೆಯುವ ತಿಂಗಳುಗಳೂ ಆಗ ಕಮ್ಮಿಯಾಗುತ್ತವೆ.

ಇದು ನನ್ನ ಸ್ವಂತ ಮಾತಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಅಪ್ರೆಂಟಿಸ್‌ಗಳ ಬಗ್ಗೆ ಒಂದು ಶಿಫಾರಸು ಒಪ್ಪಿಕೊಂಡಿತು. ಅದರ ಸಂಖ್ಯೆ 208. ಬರಹದಲ್ಲಿ ಒಪ್ಪಂದ ಇರಬೇಕು, ಸರಿಯಾದ ಸಂಬಳ ಅಥವಾ ಭತ್ಯೆ ಕೊಡಬೇಕು, ಮೊದಲೇ ಕಲಿತದ್ದನ್ನು ಪರಿಗಣಿಸಬೇಕು ಅಂತ ಅದರಲ್ಲಿದೆ. ಶಿಫಾರಸು ಕಾನೂನಲ್ಲ, ನಿಜ. ಆದರೆ ಎದುರಿಗೆ ಕೂತು ಮಾತಾಡುವಾಗ ಕೈಯಲ್ಲಿ ಇರಲಿ. ಕಲಿಕೆ ಹೆಚ್ಚಿದಂತೆ ಭತ್ಯೆ ಏರುವುದೂ ಹೊಸದೇನಲ್ಲ. ಜರ್ಮನಿಯಲ್ಲಿ 2020ರಿಂದ ಅಪ್ರೆಂಟಿಸ್‌ಗಳಿಗೆ ಕನಿಷ್ಠ ಭತ್ಯೆಯ ಕಾನೂನು ಇದೆ. ಮೊದಲ ವರ್ಷದ ಮೇಲೆ ಎರಡನೇ ವರ್ಷ ಶೇ. 18, ಮೂರನೇ ವರ್ಷ ಶೇ. 35 ಜಾಸ್ತಿ. ಎರಡನೇ ವರ್ಷ ನೀವು ಗೋಡೆ ಕಟ್ಟುತ್ತಿರುತ್ತೀರಿ, ಆ ಗೋಡೆಯಿಂದ ಗುತ್ತಿಗೆದಾರರಿಗೆ ಲಾಭ ಬರುತ್ತಿರುತ್ತದೆ. ನಿಮ್ಮ ಭತ್ಯೆ ಮಾತ್ರ ಯಾಕೆ ಅಲ್ಲೇ ನಿಲ್ಲಬೇಕು?

ನನ್ನ ಹತ್ತಿರ ಕಲಿಯಲು ಬಂದು ಅರ್ಧಕ್ಕೆ ಬಿಟ್ಟವರಲ್ಲಿ ಕೆಲಸ ಬಾರದೆ ಬಿಟ್ಟವರು ಅಪರೂಪ. ಮಗುವಿಗೆ ಜ್ವರ, ಬಸ್ಸಿಗೆ ದುಡ್ಡಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಇವೇ ಕಾರಣಗಳು. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಸೇರುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಅದಕ್ಕೆ ಸಹಾಯ ಕೇಳಲು ಸಂಕೋಚ ಬೇಡ.
— ತರಬೇತುದಾರ

ಸೀಟು ಒಪ್ಪಿಕೊಳ್ಳಲು ಪತ್ರ ಬರೆದ ಮಹಿಳೆಗೆ ಇನ್ನೂ ಸ್ವಲ್ಪ ಸಮಯವಿದೆ. ಈ ಎಲ್ಲ ಪತ್ರಗಳನ್ನೂ ಅವರಿಗೆ ಕಳಿಸಿದ್ದೇವೆ. ಒಪ್ಪಂದದಲ್ಲಿ ಏನೇನು ಬರೆಸಬೇಕು ಎಂದು ಅವರು ಈಗ ಕೇಳಿದ್ದಾರೆ. ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ತರಬೇತಿ ಮುಗಿಸಿದವರು, ಅಂಥವರಿಗೆ ಶಿಶುಪಾಲನೆಯ ವ್ಯವಸ್ಥೆ ಮಾಡಿಕೊಟ್ಟವರು ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಆ ಪತ್ರಗಳಿಗೆ ಜಾಗ ಇಟ್ಟಿದ್ದೇವೆ.