ಸಹಾಯ ಬೇಕು: ಹಳೇ ಝಡ್4 ಕಾರಿಗೆ ಯಾವ ಸಸ್ಪೆನ್ಷನ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಬಳ್ಳಾಪುರ, ಕಾರು 2011ರ ಬಿಎಂಡಬ್ಲ್ಯು ಝಡ್4. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಆಯಿಲ್ ಲೀಕ್ ಆಗುತ್ತಿವೆ. ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್) ಅಲ್ಲ, ಮಾಮೂಲಿಯವು.

ನಂದಿ ಬೆಟ್ಟದ ತಿರುವುಗಳಲ್ಲಿ ಬಾಡಿ ವಾಲಬಾರದು. ಹಾಗಂತ ಹಳ್ಳಿ ರಸ್ತೆಯ ಹಂಪ್‌ಗೆ ಹೊಟ್ಟೆ ತಾಗಲೂಬಾರದು. ಮೆಕ್ಯಾನಿಕ್ ಅಣ್ಣ ಕಾಯಿಲ್‌ಓವರ್ (ಎತ್ತರ ಬದಲಿಸಲು ಥ್ರೆಡ್ ಇರುವ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿ, ಎತ್ತರ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು ಅನ್ನುತ್ತಾರೆ. ಇಲ್ಲಿನ ಧೂಳು, ಕೆಸರಿಗೆ ಆ ಥ್ರೆಡ್ ಕಚ್ಚಿಕೊಂಡರೆ? ನನಗೆ ಬಿಲ್‌ಸ್ಟೀನ್ ಬ್ರ್ಯಾಂಡಿನ ಬಿ6 ಶಾಕ್ ಸಾಕು ಅನಿಸುತ್ತದೆ. ಕಾರಿನ ಕಂಪನಿ ಸ್ಪ್ರಿಂಗ್ ಜೊತೆಗೇ ಕೂರುತ್ತದೆ, ಕಾರು ತಗ್ಗುವುದಿಲ್ಲ. ಬಿ8 ಇರುವುದು ಗಿಡ್ಡ ಸ್ಪ್ರಿಂಗ್‌ಗೆ, ಸುಮ್ನೆ ನಮಗ್ಯಾಕೆ ಅಲ್ವಾ?

ಇನ್ನೊಂದು ಅನುಮಾನ. ರನ್‌ಫ್ಲ್ಯಾಟ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ) ಟೈರ್‌ಗಳ ಪಕ್ಕದ ಗೋಡೆ ಗಟ್ಟಿ. ಕುಲುಕಾಟ ಜಾಸ್ತಿ ಇರುವುದು ಅದರಿಂದಲೇ ಇರಬಹುದಾ? ಮೊದಲು ಸಾದಾ ಟೈರ್ ಹಾಕಿ ನೋಡಲಾ?

ಬಿ6 ಹಾಕಿಸಿದವರು ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ಭಾಗ), ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಸಿಯದಂತೆ ತಡೆಯುವ ಮೆತ್ತೆ) ಕೂಡ ಬದಲಿಸಿದಿರಾ ಹೇಳಿ.